ಒಂದೂವರೆ ಮೀಟರ್ ಟೇಬಲ್ಲಿನ ಮೇಲೆ ಕರ್ನಾಟಕ

ಪರದೇಶದವರಿಗೆ ನಮ್ಮ ಊಟ ತಿನ್ನಿಸುವುದು ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ಏನೂ ಕಷ್ಟವಿಲ್ಲ. ತಟ್ಟೆಗೆ ಹಾಕಿ ಕೊಟ್ಟರೆ ತಿನ್ನುತ್ತಾರೆ, ಚೆನ್ನಾಗಿದೆ ಅನ್ನುತ್ತಾರೆ, ಮೇಲೆ ಮೂರು ಲೋಟ ನೀರು ಕುಡಿಯುತ್ತಾರೆ. ಕಷ್ಟ ಇರುವುದು ಅದಕ್ಕೂ ಮೊದಲು. ನಮ್ಮ ಊಟ ಅಂದರೆ ಯಾವುದು ಅಂತ ನಮ್ಮವರೇ ಐದು ಜನ ಒಪ್ಪಬೇಕಲ್ಲ, ಅಲ್ಲಿ.

ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ನಮ್ಮ ಹಾಸ್ಟೆಲಿಗೆ ನವೆಂಬರಿನಲ್ಲಿ ಒಂದು ನೋಟೀಸು ಬಂತು. ಶನಿವಾರ ಸಂಜೆ ದೇಶವಿದೇಶಗಳ ಹಬ್ಬ. ಎಲ್ಲರೂ ತಮ್ಮೂರಿನ ಅಡುಗೆ ಮಾಡಿ ತರಬೇಕು, ತಮ್ಮೂರಿನ ಉಡುಗೆ ತೊಟ್ಟು ಬರಬೇಕು. ದೇಶಕ್ಕೊಂದು ಟೇಬಲ್. ಉದ್ದ ಒಂದೂವರೆ ಮೀಟರ್.

ಸಭೆ ಸೇರಿದ್ದು ಮೂರನೇ ಮಹಡಿಯ ಅಡುಗೆಮನೆಯಲ್ಲಿ. ಮಂಡ್ಯದ ಗೌಡ ಇದ್ದ. ಬಾಗಲಕೋಟೆ ಕಡೆಯ ಗಂಗಕ್ಕ ಇದ್ದರು. ಅವರು ಪಿಎಚ್‌ಡಿ ಮಾಡುತ್ತಿದ್ದಾರೆ, ವಯಸ್ಸಲ್ಲಿ ಎಲ್ಲರಿಗಿಂತ ದೊಡ್ಡವರು, ಹಾಗಾಗಿ ಎಲ್ಲರಿಗೂ ಅಕ್ಕ. ಮಡಿಕೇರಿಯ ದೇಚು ಇದ್ದಳು. ಮಂಗಳೂರಿನ ಹುಡುಗನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿದೆ. ಮಾತಿಗೊಂದು ಮಾರಾಯ ಅನ್ನುವುದರಿಂದ ನಮಗೆಲ್ಲ ಅವನೇ ಮಾರಾಯ. ಮೈಸೂರಿನವಳು ನಾನು.

"ಭಾರತಕ್ಕೂ ಒಂದೂವರೆ ಮೀಟರ್, ಲಕ್ಸೆಂಬರ್ಗಿಗೂ ಒಂದೂವರೆ ಮೀಟರ್. ಇದ್ಯಾವ ನ್ಯಾಯ?" ಅಂತ ಗೌಡ ಶುರು ಮಾಡಿದ. "ಆ ಲಕ್ಸೆಂಬರ್ಗು ನಮ್ಮ ಮಂಡ್ಯ ಜಿಲ್ಲೆಗಿಂತ ಚಿಕ್ಕದು, ಗೊತ್ತಾ?"

"ನಮ್ಮ ಟೇಬಲ್ಲಲ್ಲಿ ಮುಕ್ಕಾಲು ಆಗಲೇ ಹೋಗಿದೆ," ಅಂದಳು ದೇಚು ಫೋನ್ ನೋಡುತ್ತಾ. "ವಾಟ್ಸಾಪ್ ಗ್ರೂಪಲ್ಲಿ ಬಟರ್ ಚಿಕನ್ ಅಂತ ಬರೆದಾಗಿದೆ, ಛೋಲೆ ಬರೆದಾಗಿದೆ, ರಸಗುಲ್ಲ ಬರೆದಾಗಿದೆ. ಚೆನ್ನೈ ಹುಡುಗ ಇಡ್ಲಿ ಹಾಕಿದ್ದಾನೆ."

"ಇಡ್ಲಿ ಅವನದಾ?" ಗೌಡ ಕುರ್ಚಿ ಬಿಟ್ಟು ಎದ್ದ.

"ಕೂಡಪಾ ತಮ್ಮಾ," ಅಂದರು ಗಂಗಕ್ಕ. "ಹತ್ತನೇ ಶತಮಾನದ ವಡ್ಡಾರಾಧನೆಯೊಳಗ ಇಡ್ಡಲಿಗೆ ಐತಿ. ಆದ್ರ ಅದನ್ನ ಹೇಳಾಕ ಟೇಬಲ್ ಮ್ಯಾಲ ಜಾಗಾ ಇಲ್ಲ."

"ಇಡ್ಲಿ ಪಕ್ಕ ಒಂದು ಚೀಟಿ ಅಂಟಿಸೋಣ ಅಕ್ಕ. ಸುಮ್ನೆ, ಮಾಹಿತಿಗೆ."

"ಬ್ಯಾಡ. ಆ ಹುಡುಗ ಇಡ್ಲಿ ಜೋಡಿ ಚಟ್ನಿನೂ ತರ್ತಾನ. ಮೊದಲ ಚಟ್ನಿ ತಿನ್ನು, ಆಮ್ಯಾಲ ಜಗಳಾ ಮಾಡು."

ಗೌಡನ ಬಿಸಿಗೆ ಕಾರಣವಿತ್ತು. ನವೆಂಬರ್ 1 ಇಲ್ಲೂ ರಜೆ. ಬಂದ ಹೊಸದರಲ್ಲಿ ಅವನು ಮಂಡ್ಯಕ್ಕೆ ಫೋನ್ ಮಾಡಿ, "ಜರ್ಮನಿಯವರೂ ರಾಜ್ಯೋತ್ಸವಕ್ಕೆ ರಜೆ ಕೊಟ್ಟವ್ರೆ" ಅಂದಿದ್ದನಂತೆ. ಅದು ಕ್ರೈಸ್ತರ ಸಕಲ ಸಂತರ ದಿನ. ಅವತ್ತು ಈ ಕಡೆ ಗದ್ದಲ ಕೂಡದು, ಸಾರ್ವಜನಿಕವಾಗಿ ಕುಣಿಯುವುದಕ್ಕೂ ಅಡ್ಡಿ. ಹಾಗಾಗಿ ಹಳದಿ ಕೆಂಪು ಬಾವುಟ ಹಿಡಿದು, ಇದೇ ಅಡುಗೆಮನೆಯಲ್ಲಿ, ಪಿಸುದನಿಯಲ್ಲಿ ಜೈ ಭುವನೇಶ್ವರಿ ಅಂದಿದ್ದೆವು. ಆ ಬಾಕಿಯನ್ನು ಶನಿವಾರ ಬಡ್ಡಿ ಸಮೇತ ತೀರಿಸಬೇಕು ಅನ್ನುವುದು ಅವನ ಲೆಕ್ಕ.

ನಮ್ಮ ಪಾಲಿಗೆ ಉಳಿದದ್ದು ಟೇಬಲ್ಲಿನ ಒಂದು ಮೂಲೆ. ಎರಡು ಪಾತ್ರೆ ಇಡಬಹುದು, ಒತ್ತರಿಸಿದರೆ ಮೂರು.

"ಮುದ್ದೆ. ಮಾತೇ ಇಲ್ಲ," ಅಂದ ಗೌಡ. "2023ನ್ನು ವಿಶ್ವಸಂಸ್ಥೆಯೇ ಸಿರಿಧಾನ್ಯದ ವರ್ಷ ಅಂತ ಮಾಡಿತ್ತು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂ ಮೇಲೆ ಕ್ಯಾಲ್ಸಿಯಂ ಇದೆ. ಗ್ಲುಟನ್ ಇಲ್ಲ. ಇವರಿಗೆ ಇನ್ನೇನು ಬೇಕು?"

"ಹಲ್ಲು ಬೇಡ ಅಂತಲೂ ಹೇಳು ಮಾರಾಯ," ಅಂದ ಮಾರಾಯ.

ಗೌಡ ಬಾಯಿಮಾತಿನ ಮನುಷ್ಯ ಅಲ್ಲ. ಮಾದರಿಗೆ ಅಂತ ಆಗಲೇ ಒಂದು ಮುದ್ದೆ ಕಟ್ಟಿ ಮುಚ್ಚಿಟ್ಟಿದ್ದ. ಮುದ್ದೆ ಕೋಲು ಇಲ್ಲದೆ ಲಟ್ಟಣಿಗೆಯಲ್ಲಿ ತಿರುವಿದ್ದ. ಪಕ್ಕದಲ್ಲಿ ಪಾಲಕ್ ಸೊಪ್ಪಿನ ಸಾರು. ಅದೇ ಹೊತ್ತಿಗೆ ಎದುರು ರೂಮಿನ ಫೆಲಿಕ್ಸ್ ಚಹಾ ಮಾಡಿಕೊಳ್ಳಲು ಬಂದ. ಸಸ್ಯಶಾಸ್ತ್ರ ಓದುವ ಹುಡುಗ, ಇದೇ ಸೀಮೆಯವನು, ಬಾಗಿಲಿಗಿಂತ ಎರಡು ಬೆರಳು ಕಡಿಮೆ ಎತ್ತರ. ಗೌಡ ಅವನನ್ನು ಕೂರಿಸಿಯೇ ಬಿಟ್ಟ.

ಫೆಲಿಕ್ಸ್ ಒಂದು ತುಂಡು ಮುರಿದ. ಸಾರಲ್ಲಿ ಅದ್ದಿದ. ಬಾಯಿಗಿಟ್ಟು ಅಗಿಯತೊಡಗಿದ.

"ಅಗಿಯಬೇಡ! ನುಂಗು!" ಅಂತ ಐದೂ ಜನ ಕೂಗಿದೆವು.

ಅವನ ಬಾಯಿ ಅಲ್ಲೇ ನಿಂತಿತು. ಮುದ್ದೆ ಅಂಗುಳಕ್ಕೆ ಅಂಟಿಕೊಂಡಿತ್ತು. ನಾಲಗೆಯಿಂದ ಬಿಡಿಸಿಕೊಳ್ಳುತ್ತಾ, "ಊಟ ಚೆನ್ನಾಗಿ ಅಗಿದು ತಿನ್ನಬೇಕು ಅಂತ ನಮ್ಮಜ್ಜಿ ಹೇಳ್ತಾರೆ," ಅಂದ.

"ನಿಮ್ಮಜ್ಜಿಗೆ ವಯಸ್ಸೆಷ್ಟು?"

"ಎಂಬತ್ತೆರಡು."

"ನಮ್ಮಜ್ಜಿಗೆ ತೊಂಬತ್ತು. ನುಂಗು."

ನುಂಗಿದ. ಕಣ್ಣಲ್ಲಿ ಸ್ವಲ್ಪ ನೀರು ಬಂತು. ಆಮೇಲೆ ತುಂಬ ಗಂಭೀರವಾಗಿ, "ಇದು ಒಳಗೆ ಹೋದ ಮೇಲೆ ಏನಾಗುತ್ತದೆ?" ಅಂತ ಕೇಳಿದ.

"ಏನೂ ಆಗಲ್ಲ. ನಾಳೆ ಮಧ್ಯಾಹ್ನದವರೆಗೂ ಅಲ್ಲೇ ಇರುತ್ತೆ. ನೀನು ನಿನ್ನ ಕೆಲಸ ನೋಡ್ಕೊ."

ಮುಂದಿನ ಸರದಿ ಗಂಗಕ್ಕನದು. ಅವರ ಅಡುಗೆ ಮೊದಲೇ ತಯಾರಾಗಿ ಡಬ್ಬಿಯಲ್ಲಿ ಕೂತಿತ್ತು. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ. "ಒಲಿ ಹಚ್ಚೂದು ಬ್ಯಾಡ, ಬಿಸಿ ಮಾಡೂದು ಬ್ಯಾಡ. ತಿಂಗಳಗಟ್ಟಲೆ ಇಟ್ರೂ ಕೆಡೂದಿಲ್ಲ," ಅಂದರು. ನಿಜ ಹೇಳಬೇಕೆಂದರೆ ಪರದೇಶಕ್ಕೆ ಹೊರಡುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಊಟ ಯಾರೂ ಕಂಡುಹಿಡಿದಿಲ್ಲ. ನಾವೆಲ್ಲ ಅನ್ನದ ಕಡೆಯವರು ಇದನ್ನು ಒಪ್ಪಿಕೊಳ್ಳುವುದಿಲ್ಲ, ಅಷ್ಟೇ.

ಫೆಲಿಕ್ಸ್ ಗುರೆಳ್ಳು ಪುಡಿ ಮೂಸಿ ನೋಡಿದ. ಪುಡಿಯಾಗದೆ ಉಳಿದಿದ್ದ ಒಂದು ಕಾಳನ್ನು ಉಗುರಿನಲ್ಲಿ ಎತ್ತಿ ದೀಪಕ್ಕೆ ಹಿಡಿದ. ಅವನ ಮುಖ ಅರಳಿತು. ಲ್ಯಾಟಿನ್ ಹೆಸರು ಹೇಳಿ, "ಇದು ನನಗೆ ಗೊತ್ತು! ಚಳಿಗಾಲದಲ್ಲಿ ನಾವು ಹಕ್ಕಿಗಳಿಗೆ ಹಾಕುತ್ತೇವೆ," ಅಂದ.

ಅಡುಗೆಮನೆ ಸ್ತಬ್ಧವಾಯಿತು. ಗೌಡ ನಗು ತಡೆಯಲು ಫ್ರಿಜ್ ಬಾಗಿಲು ತೆಗೆದು ಅದರೊಳಗೆ ತಲೆ ಹಾಕಿದ.

ಗಂಗಕ್ಕ ಒಂದಿಷ್ಟೂ ಅಲುಗಲಿಲ್ಲ. "ಇಷ್ಟು ದಿವಸ ಹಕ್ಕಿಗೆ ಬರೇ ಕಾಳು ಹಾಕೀರಿ," ಅಂದರು. "ಹುರದು, ಬಳ್ಳೊಳ್ಳಿ, ಖಾರ, ಉಪ್ಪು ಹಾಕಿ ಕುಟ್ಟಿ ಕೊಡ್ರಿ. ಮುಂದ ಯಾವ ಹಕ್ಕಿನೂ ಚಳಿಗಾಲಕ್ಕ ಆಫ್ರಿಕಾಕ್ಕ ಹೋಗೂದಿಲ್ಲ."

"ಅಕ್ಕ, ಹಾಗಾದ್ರೆ ಊರಿಂದ ಹೊತ್ತು ತರೋದ್ಯಾಕೆ?" ಫ್ರಿಜ್ಜಿನೊಳಗಿಂದ ದನಿ ಬಂತು. "ಇಲ್ಲೇ ಹಕ್ಕಿ ಕಾಳು ಸಿಗೋ ಕಡೆ ಮೂಟೆಯಲ್ಲೇ ತರಬಹುದು."

"ನಿನ್ನ ಪಾಲಿಂದು ಅಲ್ಲಿಂದನ ತರಸ್ತೀನಿ, ತಡಿ."

ಊರಿಂದ ತರುವ ಮಾತು ಬಂದದ್ದೇ ತಡ, ಎಲ್ಲರಿಗೂ ಒಂದೊಂದು ಗಾಯ ನೆನಪಾಯಿತು. ಹೊರಗಿನವರು ಹಾಲಿನ ಪದಾರ್ಥ, ಮಾಂಸ ಹೊತ್ತುಕೊಂಡು ಐರೋಪ್ಯ ಒಕ್ಕೂಟದೊಳಗೆ ಬರುವಂತಿಲ್ಲ. ಇದು ಗಂಗಕ್ಕನಿಗೆ ಗೊತ್ತಾದದ್ದು ವಿಮಾನ ಹತ್ತಿದ ಮೇಲೆ, ಪಕ್ಕದ ಸೀಟಿನವರಿಂದ. ಚೀಲದಲ್ಲಿ ಎರಡು ಬಾಕ್ಸ್ ಧಾರವಾಡ ಪೇಡ. "ಕಸದ ಬುಟ್ಟಿಗೆ ಹಾಕಾಕ ಮನಸ್ಸು ಬರಲಿಲ್ಲ," ಅಂದರು. "ಇಡೀ ಸಾಲಿಗೆ ಹಂಚಿದೆ. ಗಗನಸಖಿಗೂ ಕೊಟ್ಟೆ. ಇಳಿಯೂದರಾಗ ಮೂರು ಮಂದಿ ನನ್ನ ಪೆಟಗಿ ಹಿಡಿಯಾಕ ಬಂದ್ರು."

ತೆಂಗಿನ ಕಥೆ ಇನ್ನೂ ಚೆಂದ. ಹೊರದೇಶದ ಹಣ್ಣು, ತರಕಾರಿ, ಸೊಪ್ಪು ಏನು ತಂದರೂ ಸಸ್ಯ ರೋಗ ಇಲ್ಲ ಅನ್ನುವ ಪ್ರಮಾಣಪತ್ರ ಬೇಕು. 2019ರ ಡಿಸೆಂಬರಿನಿಂದ ಹೀಗೆ. ಕರಿಬೇವಿನ ಒಂದು ಕಡ್ಡಿಗೂ ವಿನಾಯಿತಿ ಇಲ್ಲ. ವಿನಾಯಿತಿ ಇರುವುದು ಬರೀ ಐದಕ್ಕೆ: ಅನಾನಸ್, ಬಾಳೆಹಣ್ಣು, ಖರ್ಜೂರ, ದುರಿಯನ್, ತೆಂಗಿನಕಾಯಿ.

"ತೆಂಗಿನಕಾಯಿ ಬಿಡ್ತಾರೆ ಅಂತ ಗೊತ್ತಾಗಿ ನಮ್ಮಮ್ಮ ಖುಷಿಯಲ್ಲಿ ಒಣಕೊಬ್ಬರಿ ಕಟ್ಟಿ ಕಳಿಸಿದ್ರು," ಅಂದ ಮಾರಾಯ. "ಭಾರ ಕಡಿಮೆ ಅಲ್ವಾ? ಅದನ್ನು ನಮ್ಮ ಏರ್‌ಪೋರ್ಟಿನಲ್ಲೇ ತೆಗೆಸಿದ್ರು ಮಾರಾಯ. ಒಣಕೊಬ್ಬರಿ ತನ್ನಷ್ಟಕ್ಕೆ ಬೆಂಕಿ ಹಿಡಿಯುವ ವಸ್ತು ಅಂತ ವಿಮಾನದ ನಿಯಮದಲ್ಲಿ ಉಂಟಂತೆ. ಹಸಿಕಾಯಿಗೆ ಇವರು ಬನ್ನಿ ಅಂತಾರೆ, ಒಣಕಾಯಿಗೆ ನಮ್ಮವರೇ ಹೋಗಲಿಕ್ಕೆ ಬಿಡುದಿಲ್ಲ. ನಾನು ಎಂತ ಮಾಡುದು? ಅರ್ಧ ಒಣಗಿದ್ದು ತರಬೇಕಿತ್ತಾ?"

ನನ್ನದು ಗಸಗಸೆ. ಪಾಯಸಕ್ಕೆ ಅಂತ ಅಮ್ಮ ಕಾಲು ಕಿಲೋ ಕಟ್ಟಿದ್ದರು. ದುಬೈಯಲ್ಲಿ ವಿಮಾನ ಬದಲಿಸಬೇಕು, ಆ ದೇಶದಲ್ಲಿ ಗಸಗಸೆ ನಿಷೇಧ ಅಂತ ಅಣ್ಣ ಹೇಳಿದ ಮೇಲೆ ಹೆದರಿ ಮನೆಯಲ್ಲೇ ಬಿಟ್ಟೆ. ಇಲ್ಲಿಗೆ ಬಂದು ಮೊದಲನೇ ದಿನ ಬೇಕರಿ ಗಾಜಿನಾಚೆ ನೋಡುತ್ತೇನೆ, ಒಂದು ಇಂಚು ದಪ್ಪ ಗಸಗಸೆ ತುಂಬಿದ ಕೇಕು. ಕಪ್ಪು ಗಸಗಸೆ. ಮಕ್ಕಳು ಸ್ಕೂಲಿಗೆ ಹೋಗುತ್ತಾ ತಿನ್ನುತ್ತಿದ್ದವು.

"ನೀರುದೋಸೆ ಮಾಡುವ," ಅಂತ ಮಾರಾಯ ಮತ್ತೆ ವಿಷಯಕ್ಕೆ ಬಂದ. "ಅಕ್ಕಿ, ಉಪ್ಪು, ನೀರು. ಯಾರಿಗೂ ಖಾರ ಆಗಲಿಕ್ಕಿಲ್ಲ."

"ಒಂದೊಂದೇ ಹುಯ್ಯಬೇಕಲ್ಲೋ," ಅಂದೆ. "ಅಷ್ಟು ದೇಶದವರಿಗೆ ನೀನು ಹುಯ್ದು ಮುಗಿಸೋ ಹೊತ್ತಿಗೆ ಕ್ರಿಸ್‌ಮಸ್ ಬಂದಿರುತ್ತೆ."

"ನೋಡು ಮಾರಾಯ್ತಿ, ಜರ್ಮನಿಗೂ ಮಂಗಳೂರಿಗೂ ಹಳೇ ಋಣ ಉಂಟು. ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ, 1843. ತಂದದ್ದು ಮೊಗ್ಲಿಂಗ್, ಈ ಕಡೆಯವರೇ. ಕಿಟ್ಟೆಲ್ ಸಾಹೇಬ್ರ ನಿಘಂಟು 1894. ಅವರು ತೀರಿಕೊಂಡದ್ದು ಎಲ್ಲಿ? ಇದೇ ಟ್ಯೂಬಿಂಗೆನ್‌ನಲ್ಲಿ, 1903ರಲ್ಲಿ. ಅವರೆಲ್ಲ ನಮ್ಮ ಕಡೆ ನೀರುದೋಸೆ ತಿಂದಿರಲಿಕ್ಕಿಲ್ಲ ಅಂತ ಹೇಗೆ ಹೇಳ್ತಿ?"

"ಕಿಟ್ಟೆಲ್ ಈಗ ಇರಬೇಕಿತ್ತು," ಅಂತ ಗೌಡ ನಿಟ್ಟುಸಿರಿಟ್ಟ. "ನುಂಗೋದು ಹೇಗೆ ಅಂತ ಈ ಫೆಲಿಕ್ಸ್‌ಗೆ ಜರ್ಮನ್‌ನಲ್ಲೇ ಹೇಳಿಕೊಡೋರು."

ದೇಚು ಇಷ್ಟು ಹೊತ್ತು ಸುಮ್ಮನಿದ್ದಳು. ಅವಳಿಗೆ ಗೆಲುವು ಗ್ಯಾರಂಟಿ ಅನ್ನುವ ಧೈರ್ಯ. "ಪಂದಿ ಕರಿ," ಅಂದಳು. "ಹಂದಿ ಇಲ್ಲಿ ಎಲ್ಲಾ ಅಂಗಡಿಯಲ್ಲೂ ಸಿಗುತ್ತೆ. ನೀವೆಲ್ಲ ತರೋದನ್ನ ಇದೇನು, ಇದೇನು ಅಂತ ಕೇಳ್ತಾರೆ. ನಂದನ್ನ ಮಾತ್ರ ಕೇಳದೆ ತಿಂತಾರೆ." ಊರಿಂದ ಬರಬೇಕಾದದ್ದು ಅದಕ್ಕೆ ಹಾಕುವ ಹುಳಿ, ಕಾಚಂಪುಳಿ, ಒಂದೇ. ಅದನ್ನು ನಾಲ್ಕು ಜೊತೆ ಕಾಲುಚೀಲದಲ್ಲಿ ಸುತ್ತಿ ತಂದಿದ್ದಳು. ಕಪ್ಪಗೆ, ಮಂದವಾಗಿ ಬಾಟಲಿಯಲ್ಲಿ ಕೂತಿದ್ದನ್ನು ನೋಡಿ ಏರ್‌ಪೋರ್ಟಿನವರು ಬೈಕಿನ ಆಯಿಲ್ಲಾ ಅಂತ ಕೇಳಿದ್ದರಂತೆ.

ಗಂಗಕ್ಕ ಸಸ್ಯಾಹಾರಿ. ಎಲ್ಲರೂ ಅವರ ಮುಖ ನೋಡಿದೆವು. "ಮಾಡವ್ವಾ," ಅಂದರು. "ಸೌಟು ಮಾತ್ರ ಬ್ಯಾರೆ ಇಡು. ಮತ್ತ ಇದು ಏನಂತ ದೊಡ್ಡ ಅಕ್ಷರದಾಗ ಬರದು ಹಚ್ಚು. ತಿನ್ನದವರು ದೂರಿಂದನ ಓದಲಿ."

ಹೀಗೆ ನಾಲ್ಕೂ ದಿಕ್ಕಿಗೆ ಎಳೆದಾಡಿ ಸುಸ್ತಾದ ಮೇಲೆ ನಾನು ಪುಳಿಯೋಗರೆ ಅಂದೆ. ತಣ್ಣಗಾದರೂ ನಡೆಯುತ್ತೆ, ಒಂದೇ ಪಾತ್ರೆ ಸಾಕು. ಯಾರೂ ಕುಣಿದಾಡಲಿಲ್ಲ, ಯಾರೂ ಬೇಡ ಅನ್ನಲಿಲ್ಲ. ಚುನಾವಣೆಯಲ್ಲಿ ಎರಡು ಬಣ ಕಿತ್ತಾಡಿಕೊಂಡು ಮೂರನೆಯವನು ಮುಖ್ಯಮಂತ್ರಿ ಆಗುತ್ತಾನಲ್ಲ, ಪುಳಿಯೋಗರೆ ಆರಿಸಿ ಬಂದದ್ದು ಹಾಗೆ. ರೊಟ್ಟಿ ಡಬ್ಬಿ ನಿಲ್ಲಿಸಿ ಇಡಬಹುದು, ಅದಕ್ಕೆ ಜಾಗ ಬೇಡ. ಪಂದಿ ಕರಿ ಚಿಕ್ಕ ಬೋಗುಣಿಯಲ್ಲಿ. ಮುದ್ದೆಯ ಆಸೆ ಗೌಡ ಬಿಡಲಿಲ್ಲ. ಗೋಲಿ ಗಾತ್ರಕ್ಕೆ ಕಟ್ಟಿ, ಕಡ್ಡಿ ಚುಚ್ಚಿ, ಸಾರಿನ ಬಟ್ಟಲಿನ ಸುತ್ತ ಇಡೋಣ ಅಂದಳು ದೇಚು.

"ಮುದ್ದೆಗೆ ಕಡ್ಡಿ ಚುಚ್ಚೋದಾ?" ಗೌಡನ ಗಂಟಲು ಕಟ್ಟಿತು. "ನಮ್ಮೂರಲ್ಲಿ ಗೊತ್ತಾದ್ರೆ ನನಗೆ ಹೆಣ್ಣು ಕೊಡಲ್ಲ ಕಣೇ."

ಮಾರಾಯ ಮಾತ್ರ ಬರಿಗೈಯಾದ. ಅವನಿಗೆ ಸಮಾಧಾನ ಆಗಲಿ ಅಂತ ಅಲಂಕಾರದ ಖಾತೆ ಕೊಟ್ಟೆವು.

ಉಡುಗೆಯ ಮಾತು ಬಂದಾಗ ಇನ್ನೊಂದು ವಿಷಯ ಹೊರಬಿತ್ತು. ಗೌಡನಿಗೆ ಕಚ್ಚೆಪಂಚೆ ಉಡಲು ಬರುವುದಿಲ್ಲ. ಊರಲ್ಲಿ ಅವನು ಉಡುವುದು ಜೀನ್ಸ್. ಅವರಪ್ಪ ಉಡುವುದು ಪ್ಯಾಂಟು. ಪಂಚೆ ಉಡುವುದು ತಾತ, ಅವರಿಗೆ ವಿಡಿಯೋ ಕಾಲ್‌ನಲ್ಲಿ ಎಲ್ಲಿ ನೋಡಬೇಕು ಅಂತ ಗೊತ್ತಾಗುವುದಿಲ್ಲ. ಗೌಡ ಪಂಚೆಯ ಒಂದು ತುದಿ ಹಿಡಿದು ಅಡುಗೆಮನೆಯಲ್ಲಿ ನಿಂತಿದ್ದ. ಮಂಡ್ಯದ ಕಡೆಯಿಂದ ತಾತ "ಹಿಂದಕ್ ಸಿಗಿಸ್ಲಾ" ಅಂತ ಕೂಗುತ್ತಿದ್ದರು. ಪರದೆಯ ಮೇಲೆ ಅವರ ಕಿವಿ ಮಾತ್ರ ಕಾಣುತ್ತಿತ್ತು. ಕೊನೆಗೆ ಯೂಟ್ಯೂಬ್ ನೋಡಿ, ಮೇಲೆ ಒಂದು ಬೆಲ್ಟ್, ನಾಲ್ಕು ಪಿನ್ನು ಹಾಕಿ ಮಾರಾಯ ಉಡಿಸಿದ. ಹೊರಗೆ ಚಳಿ. ಒಳಗೆ ಕಪ್ಪು ಥರ್ಮಲ್ ಪ್ಯಾಂಟು ಬೇಕೇ ಬೇಕು. ಬಿಳಿ ಪಂಚೆಯೊಳಗಿಂದ ಅದು ಚೆನ್ನಾಗಿ ಕಾಣುತ್ತಿತ್ತು.

"ಯಾರಾದ್ರೂ ಕೇಳಿದ್ರೆ ಇದೂ ಸಂಪ್ರದಾಯ ಅಂತ ಹೇಳು," ಅಂದಳು ದೇಚು.

ಗಂಗಕ್ಕನ ಇಳಕಲ್ ಸೀರೆಗೆ ಇಂಥ ತಾಪತ್ರಯ ಇರಲಿಲ್ಲ. ಒಡಲು ಹತ್ತಿ, ಸೆರಗು ಕೆಂಪು ರೇಷ್ಮೆ. ಒಡಲಿನ ಹಾಸಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಜೋಡಿಸುತ್ತಾರೆ, ಅದೂ ಒಂದೊಂದೇ ಎಳೆ. ಆ ಸೆರಗಿಗೆ ಟೋಪ ತೆನಿ ಸೆರಗು ಅಂತ ಹೆಸರು. ಮೇಲೆ ಅವರ ಅವ್ವ ಹಾಕಿದ ಕಸೂತಿ. ಗೋಪುರ, ತೇರು, ಆನೆ. ಬಟ್ಟೆಯ ಎಳೆ ಎಣಿಸಿ ಹಾಕುವ ಹೊಲಿಗೆ. ಗವಂತಿ, ಮುರ್ಗಿ ಅನ್ನುವ ಹೊಲಿಗೆ ಹಾಕಿದ ಕಡೆ ಬಟ್ಟೆಯ ಹಿಂದೂ ಮುಂದೂ ಒಂದೇ ತರ ಕಾಣುತ್ತದೆ. ಗಂಟೇ ಇಲ್ಲ.

ನನಗೆ ಅಮ್ಮ ಕೊಟ್ಟು ಕಳಿಸಿದ್ದು ಮೈಸೂರು ರೇಷ್ಮೆ ಸೀರೆ. ಅದರ ಜರಿಯಲ್ಲಿ ನಿಜವಾದ ಬೆಳ್ಳಿ ಬಂಗಾರ ಇದೆ. ಹಾಗಾಗಿ ಸೀರೆಯ ಜೊತೆ ಸೂಚನೆಗಳೂ ಬಂದಿದ್ದವು. ಒಗೆಯಬೇಡ. ಮಡಿಕೆ ಬದಲಿಸುತ್ತಾ ಇರು. ಸೆಂಟು ತಾಗಿಸಬೇಡ. ಊಟದ ಹತ್ತಿರ ಹೋಗಲೇಬೇಡ. ಊಟದ ಹಬ್ಬಕ್ಕೆ ಉಟ್ಟುಕೊಂಡು ಹೋಗುವ ಸೀರೆಗೆ ಕೊನೆಯ ಸೂಚನೆ ಇದು.

ದೇಚುವಿನ ಪೆಟ್ಟಿಗೆಯಿಂದ ಕೊಡವ ಸೀರೆಯ ಜೊತೆ ಅವಳ ಅಣ್ಣನ ಕಪ್ಪು ಕುಪ್ಯ, ಅಂದರೆ ಕೊಡವ ಗಂಡಸರ ನಿಲುವಂಗಿ, ಅದರ ಮೇಲೆ ಸೊಂಟಕ್ಕೆ ಸುತ್ತುವ ಕೆಂಪು ಚೇಲೆ ಕೂಡ ಬಂತು. "ಇದ್ಯಾಕೆ ತಂದೆ?" ಅಂದರೆ, "ಅಮ್ಮ ಇಟ್ಟಿದ್ರು. ಅಲ್ಲಿ ಯಾರಿಗಾದ್ರೂ ಬೇಕಾಗಬಹುದು ಅಂದ್ರು," ಅಂದಳು. ಗೌಡ ತೊಟ್ಟರೆ ಹೊಟ್ಟೆ ಅಡ್ಡ ಬಂತು. ಮಾರಾಯ ತೊಟ್ಟರೆ ನೆಲ ಗುಡಿಸಿತು. ಅಳತೆ ಮಾಡಿಸಿದ ಹಾಗೆ ಕೂತದ್ದು ಫೆಲಿಕ್ಸ್‌ಗೆ.

"ಸೊಂಟಕ್ಕೆ ಪೀಚೆ ಕತ್ತಿ ಇಲ್ಲದೆ ಕುಪ್ಯ ಹಾಕೋ ಹಾಗಿಲ್ಲ," ಅಂದಳು ದೇಚು.

ಫೆಲಿಕ್ಸ್ ಗಾಬರಿಯಾದ. ಅಲಗು 12 ಸೆಂಟಿಮೀಟರಿಗಿಂತ ಉದ್ದ ಇರುವ ಕತ್ತಿಯನ್ನು ಇಲ್ಲಿ ಸುಮ್ಮನೆ ಸಿಗಿಸಿಕೊಂಡು ಬೀದಿಯಲ್ಲಿ ಓಡಾಡುವಂತಿಲ್ಲ, ಕಾನೂನಿದೆ ಅಂದ.

"ಊರಲ್ಲಿ ನಮಗೆ ಕೋವಿಗೇ ಲೈಸೆನ್ಸ್ ಬೇಡ," ಅಂದಳು ದೇಚು. "ಇಲ್ಲಿ ಒಂದು ಪೀಚೆ ಕತ್ತಿಗೆ ಇಷ್ಟು ರಗಳೆಯಾ?"

ಅಲಂಕಾರ ಖಾತೆ ಎದ್ದು ನಿಂತಿತು. ಮಾರಾಯ ಪಿಜ್ಜಾ ಡಬ್ಬಿಯ ರಟ್ಟು ಕತ್ತರಿಸಿ, ಅಲ್ಯುಮಿನಿಯಂ ಫಾಯಿಲ್ ಸುತ್ತಿ, ಅರ್ಧ ಗಂಟೆಯಲ್ಲಿ ಕತ್ತಿ ಮಾಡಿಕೊಟ್ಟ. ದೂರದಿಂದ ಬೆಳ್ಳಿಯೇ. ಹತ್ತಿರ ಹೋದರೆ ಚೀಸ್ ವಾಸನೆ.

ಶುಕ್ರವಾರ ರಾತ್ರಿ ಪುಳಿಯೋಗರೆ ಗೊಜ್ಜು. ಹತ್ತು ಗಂಟೆಯ ಮೇಲೆ ಹಾಸ್ಟೆಲಿನಲ್ಲಿ ಸದ್ದು ಮಾಡುವಂತಿಲ್ಲ. ನಮ್ಮ ಮಿಕ್ಸಿಗೆ ಕರೆಂಟೇನೋ ಇಲ್ಲಿಯದೇ ಸರಿಹೋಗುತ್ತದೆ, ಎರಡೂ ಕಡೆ 230 ವೋಲ್ಟ್. ಮೂರು ಕಡ್ಡಿಯ ಪ್ಲಗ್ಗು ಮಾತ್ರ ಇಲ್ಲಿಯ ತೂತಿಗೆ ಹೋಗುವುದಿಲ್ಲ. ಅಡಾಪ್ಟರ್ ಹುಡುಕಿ ಸಿಗಿಸುವಷ್ಟರಲ್ಲಿ ಹತ್ತಕ್ಕೆ ಐದು ನಿಮಿಷ. ಮೆಣಸಿನಕಾಯಿ, ಧನಿಯ, ಎಳ್ಳು ಎಲ್ಲ ಒಂದೇ ಉಸಿರಿಗೆ ರುಬ್ಬಿದೆ. ಒಗ್ಗರಣೆ ಹೊತ್ತಿಗೆ ಫೆಲಿಕ್ಸ್‌ಗೆ ಒಂದೇ ಕೆಲಸ: ಕಿಟಕಿ ತೆಗೆದು, ಹೊಗೆಯ ಅಲಾರಂ ಕೆಳಗೆ ನಿಂತು ಟವೆಲ್ ಬೀಸುವುದು. ಬ್ಯಾಡಗಿ ಮೆಣಸಿನಕಾಯಿ ಘಾಟಿಗೆ ಕಾರಿಡಾರಿನ ಆ ತುದಿಯ ರೂಮಿನವರೂ ಕೆಮ್ಮಿದರು. ಕೆಮ್ಮುತ್ತಲೇ ಬಂದು, ಏನು ಮಾಡುತ್ತಿದ್ದೀರಿ, ಸ್ವಲ್ಪ ಸಿಗುತ್ತಾ ಅಂದರು.

ಶನಿವಾರ ಬಾಗಿಲಲ್ಲೇ ಒಬ್ಬ ಹುಡುಗಿ ಫಾರಂ ಹಿಡಿದು ನಿಂತಿದ್ದಳು. ಅಲರ್ಜಿ ತರುವ ಪದಾರ್ಥಗಳ ಪಟ್ಟಿ ಇಲ್ಲಿ ಕಾನೂನಿನಲ್ಲೇ ಇದೆ, ಒಟ್ಟು 14. ನಿಮ್ಮ ಅಡುಗೆಯಲ್ಲಿ ಯಾವುದಿದೆಯೋ ಅದಕ್ಕೆ ಗುರುತು ಹಾಕಿ ಅಂದಳು.

"ಮುದ್ದೆ, ಸೊನ್ನೆ," ಅಂದ ಗೌಡ ಎದೆ ಉಬ್ಬಿಸಿ.

ನನ್ನ ಸರದಿ. ಕಡಲೆಕಾಯಿ? ಇದೆ. ಎಳ್ಳು? ಇದೆ. ಸಾಸಿವೆ? ಅದಿಲ್ಲದೆ ಒಗ್ಗರಣೆ ಎಲ್ಲಿ ಬಂತು? ಗೋಧಿ? ಇಲ್ಲ ಅಂದೆ.

"ಹಿಂಗು?" ಅಂದರು ಗಂಗಕ್ಕ ಹಿಂದಿನಿಂದ.

ಡಬ್ಬಿ ತಿರುಗಿಸಿ ಓದಿದರೆ, ಹೌದು, ಹಿಂಗಿನ ಪುಡಿಗೆ ಗೋಧಿಹಿಟ್ಟು ಬೆರೆಸಿದ್ದಾರೆ. ನಾಲ್ಕನೇ ಗುರುತು ಬಿತ್ತು. ಹಿಂಗು ಅಂದರೇನು ಅಂತ ಆ ಹುಡುಗಿ ಕೇಳಿದಳು. ಬಾಯಲ್ಲಿ ಹೇಳುವ ಬದಲು ಗೌಡ ಡಬ್ಬಿ ಮುಚ್ಚಳ ತೆಗೆದು ಮೂಗಿಗೆ ಹಿಡಿದ. ಅವಳು ಎರಡು ಹೆಜ್ಜೆ ಹಿಂದೆ ಹೋದಳು. ಪಟ್ಟಿಯ ಕೆಳಗೆ 15 ಅಂತ ಬರೆಯಲು ಪೆನ್ನು ಎತ್ತಿ, ಯಾಕೋ ಬಿಟ್ಟಳು. ಗೌಡನ ಸಾರಿನಲ್ಲೂ ಸಾಸಿವೆ ಇದೆ ಅಂತ ಆಮೇಲೆ ಹೊಳೆಯಿತು, ಅವನ ಸೊನ್ನೆಯೂ ಹೋಯಿತು.

ಟೇಬಲ್ಲಿನ ಜಗಳ ತಾನಾಗಿಯೇ ತೀರಿತು. ಲಕ್ಸೆಂಬರ್ಗಿನಿಂದ ಬಂದವನು ಒಬ್ಬನೇ ಹುಡುಗ. ಒಂದೂವರೆ ಮೀಟರ್ ಟೇಬಲ್ಲಿನ ನಡುವೆ ಒಂದು ತಟ್ಟೆ ಬಿಸ್ಕತ್ತು ಇಟ್ಟುಕೊಂಡು, ಯಾರಾದರೂ ಬಂದಾರು ಅಂತ ಬಾಗಿಲು ನೋಡುತ್ತಿದ್ದ. ಗೌಡ ಹೋಗಿ ಮಾತಾಡಿಸಿದ. ಐದು ನಿಮಿಷದಲ್ಲಿ ಲಕ್ಸೆಂಬರ್ಗಿನ ಮುಕ್ಕಾಲು ಭಾಗ ಕರ್ನಾಟಕಕ್ಕೆ ಸೇರಿತು. ಆ ಹುಡುಗನ ತಲೆಗೆ ಮೈಸೂರು ಪೇಟ ಏರಿತು. ಅದು ನಾನು ತಂದ ಪೇಟ. ಆಮೇಲೆ ಅದು ಚೀನಾ, ಬ್ರೆಜಿಲ್, ಘಾನಾ, ಇರಾನ್ ಎಲ್ಲಾ ಸುತ್ತಿತು. ಎಲ್ಲರಿಗೂ ಅದರ ಜೊತೆ ಒಂದು ಫೋಟೋ ಬೇಕು. ರಾತ್ರಿ ನನ್ನ ಕೈಗೆ ವಾಪಸ್ ಬಂದಾಗ ಅದರಲ್ಲಿ ಆ ಸಭಾಂಗಣದ ಅಷ್ಟೂ ಶಾಂಪೂಗಳ ವಾಸನೆ ಇತ್ತು.

ಗಂಗಕ್ಕನ ಸೆರಗನ್ನು ಒಬ್ಬ ಮೆಕ್ಯಾನಿಕಲ್ ಎಂಜಿನಿಯರ್ ಹಿಡಿದು ನಿಂತ. ಗಂಟು ಎಲ್ಲಿದೆ ಅಂತ ಹುಡುಕುತ್ತಿದ್ದ. ಒಳಗೆ ತಿರುಗಿಸಿದ, ಹೊರಗೆ ತಿರುಗಿಸಿದ, ಫೋನಿನ ಟಾರ್ಚು ಹಾಕಿದ. "ಹುಡುಕು ತಮ್ಮಾ, ಹುಡುಕು," ಅಂತ ಗಂಗಕ್ಕ ಇನ್ನೊಂದು ಕೈಯಲ್ಲಿ ರೊಟ್ಟಿ ಮುರಿದು ಗುರೆಳ್ಳು ಪುಡಿ ಹಚ್ಚಿ ಹಂಚುತ್ತಲೇ ಇದ್ದರು. ಮೊದಲು ಖಾಲಿಯಾದದ್ದು ಆ ಪುಡಿಯೇ. ಫೆಲಿಕ್ಸ್ ಅದು ಹಕ್ಕಿ ಕಾಳು ಅಂತ ಯಾರಿಗೂ ಹೇಳಲಿಲ್ಲ. ಅವನಿಗೂ ಅಷ್ಟರಲ್ಲಿ ಬುದ್ಧಿ ಬಂದಿತ್ತು.

ದೇಚುವನ್ನು ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ನಿನ್ನ ಸೀರೆಯ ನೆರಿಗೆ ಯಾಕೆ ಹಿಂದಿದೆ? ಅವಳು ಮೊದಲ ಸಲ ಕಾವೇರಿಯ ಕಥೆ ಪೂರ್ತಿ ಹೇಳಿದಳು. ಅಗಸ್ತ್ಯ ಮುನಿ, ಕಮಂಡಲ, ನದಿಯಾಗಿ ಹರಿದ ಕಾವೇರಿಯ ರಭಸಕ್ಕೆ ಹೆಂಗಸರ ನೆರಿಗೆ ಹಿಂದಕ್ಕೆ ಸರಿದದ್ದು. ಎರಡನೇ ಸಲ ಅಗಸ್ತ್ಯ ಬಿಟ್ಟುಹೋದರು. ಆಮೇಲೆ "ತುಂಬ ನೀರಿತ್ತು" ಅನ್ನುವಲ್ಲಿಗೆ ಬಂತು.

ನಾನು ಮಾತ್ರ ಇಡೀ ಸಂಜೆ ನಮ್ಮ ಟೇಬಲ್ಲಿನಿಂದ ಎರಡು ಮಾರು ದೂರ, ಸೆರಗು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ಅಲ್ಲಿಂದಲೇ "ಉಪ್ಪು ಸರಿ ಇದೆಯಾ" ಅಂತ ಕೂಗುತ್ತಿದ್ದೆ. ಪಂದಿ ಕರಿಯ ಬಟ್ಟಲು ಹಿಡಿದು ಯಾರಾದರೂ ನನ್ನ ಕಡೆ ಮಾತಾಡಿಸಲು ಬಂದರೆ ಹಿಂದಕ್ಕೆ ಸರಿಯುತ್ತಿದ್ದೆ. ಕನ್ನಡದವರು ತುಂಬ ನಾಚಿಕೆಯವರು ಅಂತ ಇಟಲಿಯ ಹುಡುಗಿಯೊಬ್ಬಳು ಗೌಡನ ಹತ್ತಿರ ಹೇಳಿದಳಂತೆ.

ಗೌಡನ ಗೋಲಿ ಮುದ್ದೆಗೆ ಸಿಕ್ಕ ಮರ್ಯಾದೆ ನೋಡಬೇಕಿತ್ತು. ಚಾಕೊಲೇಟ್ ಅಂದುಕೊಂಡು ಜನ ಸಾಲು ನಿಂತರು. ಬಾಯಿಗಿಟ್ಟುಕೊಂಡ ಮೇಲೆ ಮುಖಗಳು ಬದಲಾದವು. ಆದರೆ ಗೌಡ ಸಾರಿನ ಬಟ್ಟಲು ಹಿಡಿದು ಪಕ್ಕದಲ್ಲೇ ಕಾದಿದ್ದ. ಫೆಲಿಕ್ಸ್ ಕುಪ್ಯ ತೊಟ್ಟು, ರಟ್ಟಿನ ಕತ್ತಿ ಸಿಗಿಸಿ, ಬಂದವರಿಗೆಲ್ಲ ಜರ್ಮನ್‌ನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದ: ಅಗಿಯಬೇಡಿ, ನುಂಗಿ. ನನಗೇನೂ ಆಗಿಲ್ಲ, ನೋಡಿ.

ಆ ಭಂಗಿಯಲ್ಲೇ ದೇಚು ಅವನ ಪಕ್ಕ ನಿಂತು ಒಂದು ಫೋಟೋ ತೆಗೆಸಿಕೊಂಡು ಮನೆಗೆ ಕಳಿಸಿದಳು. ಊರಲ್ಲಿ ಆಗ ಮಧ್ಯರಾತ್ರಿ ದಾಟಿತ್ತು. ಆದರೂ ಫೋನ್ ತಕ್ಷಣ ಬಂತು. ಅಮ್ಮ ಕೊಡವ ತಕ್ಕಿನಲ್ಲಿ ಕೇಳಿದ್ದನ್ನು ದೇಚು ಕೆಂಪಗಾಗಿ ನಮಗೆ ಕನ್ನಡದಲ್ಲಿ ಹೇಳಿದಳು: "ಹುಡುಗ ಯಾವ ಒಕ್ಕದವನು, ಅಂದ್ರೆ ಯಾವ ಮನೆತನದವನು ಅಂತ ಕೇಳ್ತಿದ್ದಾರೆ."

"ಜರ್ಮನಿಯವನು ಅಂತ ಹೇಳು," ಅಂದರು ಗಂಗಕ್ಕ.

"ಹೇಳಿದೆ. ಏನು ಓದ್ತಾನೆ ಅಂದ್ರು. ಸಸ್ಯಶಾಸ್ತ್ರ ಅಂದೆ."

"ಅದಕ್ಕೇನಂದ್ರು?"

"ಕಾಫಿ ತೋಟ ನೋಡ್ಕೊಳ್ಳೋಕೆ ಆಗುತ್ತೆ ಹಾಗಾದ್ರೆ, ಅಂದ್ರು."